ಅವ್ವನ ಮೊಣಕಾಲಿನ ಅಳತೆ ಯಾರ ಸೊತ್ತು?

ಹೋದ ವರ್ಷ ಅವ್ವನ ಬಲ ಮೊಣಕಾಲಿನ ಕೀಲು ಬದಲಾಯಿಸಿದೆವು. ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮನೆ ಮೂರನೇ ಮಾಳಿಗೆಯಲ್ಲಿ. ಗದಗಿನ ಮಣ್ಣಿನ ಮನೆಯಿಂದ ಬಂದು ಇಪ್ಪತ್ತು ವರ್ಷ ಈ ಮೆಟ್ಟಿಲು ಹತ್ತಿ ಇಳಿದ ಅವ್ವ ಕೊನೆಗೆ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದಳು. ಭಾಜಿ ಮಾರುಕಟ್ಟೆಗೆ ಹೋಗುವುದು ನಿಂತಿತು, ಆಮೇಲೆ ಗುಡಿಗೆ ಹೋಗುವುದು ನಿಂತಿತು. ಊರಿನ ಮದುವೆಗೆ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ ದಿನ ನಾನು ಆಸ್ಪತ್ರೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಡಾಕ್ಟರು ಎಕ್ಸ್‌ರೇ ನೋಡಿದರು, ಆಪರೇಷನ್ ಬೇಕು ಎಂದರು, ಐದು ನಿಮಿಷದಲ್ಲಿ ಮುಗಿಯಿತು. ಉಳಿದ ಮಾತೆಲ್ಲ ಪಕ್ಕದ ಕೋಣೆಯ ಕೌನ್ಸೆಲರ್ ಹತ್ತಿರ. ಆಕೆ ಟ್ಯಾಬ್ ತಿರುಗಿಸಿ ಮೂರು ಪ್ಯಾಕೇಜ್ ತೋರಿಸಿದರು: ಸಾದಾ, ಕಂಪ್ಯೂಟರ್ ನ್ಯಾವಿಗೇಶನ್, ರೋಬೋಟಿಕ್. ಮೊಬೈಲ್ ರೀಚಾರ್ಜ್ ಪ್ಲಾನಿನ ಹಾಗೆ ಒಂದರ ಪಕ್ಕ ಒಂದು. ಸಾದಾ ಪ್ಯಾಕೇಜಿನ ಬಗ್ಗೆ ಮಾತಾಡುವಾಗ ಅವರ ದನಿ ಇಳಿಯುತ್ತಿತ್ತು. ನ್ಯಾವಿಗೇಶನ್ ಬಂದಾಗ, "ಕಂಪ್ಯೂಟರ್ ಅಳೆಯುತ್ತೆ ಸರ್, ತಪ್ಪಾಗೋದೇ ಇಲ್ಲ" ಎಂದು ಹಿಂದಿಯಲ್ಲಿ ಭರವಸೆ ಕೊಟ್ಟರು. ನೀವು ಐಟಿಯವರಲ್ಲವೇ, ನಿಮಗೆ ನಾನೇನು ಹೇಳಬೇಕು ಎಂದೂ ಸೇರಿಸಿದರು. ನಾನು ಹೌದು ಎಂದು ತಲೆಯಾಡಿಸಿದೆ. ಹದಿನೆಂಟು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸಿದವನು, ಸಾಫ್ಟ್‌ವೇರ್ ತಪ್ಪುವುದೇ ಇಲ್ಲ ಎಂಬ ಮಾತಿಗೆ ತಲೆಯಾಡಿಸಿದೆ!

ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಕೆಟ್ಟ ಆಪರೇಷನ್ನಿನ ಕಥೆ ಅಲ್ಲ. ಅವ್ವ ಈಗ ಮೆಟ್ಟಿಲು ಇಳಿಯುತ್ತಾಳೆ, ಭಾಜಿಯವನ ಹತ್ತಿರ ಚೌಕಾಸಿ ಮಾಡುತ್ತಾಳೆ. ಕೆಳಗೆ ಕೂತು ರೊಟ್ಟಿ ಬಡಿಯಲು ಆಗುವುದಿಲ್ಲ, ಅಷ್ಟೇ. ನನ್ನ ತಕರಾರು ಬೇರೆ. ಬಿಲ್ಲಿನಲ್ಲಿ "ನ್ಯಾವಿಗೇಶನ್ ಚಾರ್ಜಸ್" ಎಂದು ಪ್ರತ್ಯೇಕ ಸಾಲು ಇತ್ತು, ಐದಂಕಿಯ ಮೊತ್ತ. ವಿಮಾ ಕಂಪನಿ ಆ ಸಾಲಿಗೆ ಕತ್ತರಿ ಹಾಕಿತು, ನಾನು ಕೈಯಿಂದ ಕೊಟ್ಟೆ. ಡಿಸ್ಚಾರ್ಜ್ ಫೈಲ್ ಮನೆಗೆ ತಂದು ರಾತ್ರಿ ಕೂತು ಓದಿದೆ. ರಕ್ತದ ರಿಪೋರ್ಟ್ ಇತ್ತು, ಇಸಿಜಿ ಇತ್ತು, ಊಟದಲ್ಲಿ ಉಪ್ಪು ಎಷ್ಟಿರಬೇಕೆಂಬ ಚೀಟಿ ಇತ್ತು. ಕಂಪ್ಯೂಟರ್ ಏನು ಅಳೆಯಿತು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಮರುದಿನ ಫೋನ್ ಮಾಡಿದೆ. ರೆಕಾರ್ಡ್ಸ್ ವಿಭಾಗದವರು ಆಪರೇಷನ್ ಥಿಯೇಟರ್ ಕೇಳಿ ಎಂದರು. ಅಲ್ಲಿಯವರು, "ಅದು ಮಷಿನ್‌ನಲ್ಲಿ ಇರುತ್ತೆ, ಪ್ರಿಂಟ್ ಬರೋದಿಲ್ಲ" ಎಂದರು. ಮಷಿನ್ ಎಲ್ಲಿ ಎಂದು ಕೇಳಿದರೆ ಅದು ಕಂಪನಿಯವರದು, ಟೆಕ್ನಿಷಿಯನ್ ತರುತ್ತಾನೆ, ಒಯ್ಯುತ್ತಾನೆ ಎಂಬ ಉತ್ತರ. ಲಿಖಿತ ಅರ್ಜಿ ಕೊಟ್ಟೆ. ಆಪರೇಷನ್ ನೋಟಿನ ಒಂದು ಪುಟ ಸಿಕ್ಕಿತು. ಅದರಲ್ಲಿ "ಕಂಪ್ಯೂಟರ್ ನೆರವಿನಿಂದ ಮಾಡಲಾಗಿದೆ" ಎಂಬ ಅರ್ಥದ ಒಂದು ಸಾಲು. ಅಂಕಿ ಒಂದೂ ಇಲ್ಲ.

ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದ ಅವ್ವ ಹೇಳಿದಳು: "ನಮ್ಮ ಟೇಲರ್ ಸುದ್ದಾ ಅಳತಿ ಬರ್ಕೊಂಡ್ ಇಟ್ಕೋತಾನ. ಮುಂದಿನ ಸಲ ಜಂಪರ್ ಹೊಲಿಸಾಕ ಹ್ವಾದ್ರ ವಹಿ ತಗದು ನೋಡ್ತಾನ. ಇಷ್ಟು ರೊಕ್ಕ ತಗೊಂಡು ಒಂದ್ ಚೀಟಿನರ ಕೊಡಬಾರ್ದನು?"

ಈ ಲೇಖನದ ವಾದ ಅವ್ವನ ಆ ಮಾತೇ. ಅಳೆಯುವುದಕ್ಕೆ ಎಂದು ದುಡ್ಡು ತೆಗೆದುಕೊಂಡವರು ಅಳತೆಯನ್ನು ಕೊಡಬೇಕು. ಕೊಡದಿದ್ದರೆ ಅವರು ಮಾರಿದ್ದು ಅಳತೆಯನ್ನಲ್ಲ, "ಕಂಪ್ಯೂಟರ್" ಎಂಬ ಶಬ್ದವನ್ನು.

ಮೊದಲು ಈ ಯಂತ್ರ ಏನು ಮಾಡುತ್ತದೆ ಎಂದು ನೋಡೋಣ, ಯಾಕೆಂದರೆ ಕೌನ್ಸೆಲರ್ ಕೋಣೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಕಾಲಿನಲ್ಲಿ ಸೊಂಟದ ಕೀಲಿನ ನಡುಬಿಂದುವಿನಿಂದ ಹಿಮ್ಮಡಿಗಂಟಿನ ನಡುಬಿಂದುವಿಗೆ ಒಂದು ಗೆರೆ ಎಳೆದರೆ ಅದು ಮೊಣಕಾಲಿನ ನಡುವೆ ಹಾದುಹೋಗಬೇಕು. ಗೆರೆ ಒಳಗೆ ಸರಿದರೆ ಒಳಭಾಗದ ಮೇಲೆ ಭಾರ ಬಿದ್ದು ಸವೆಯುತ್ತದೆ. ನಮ್ಮ ಹಿರಿಯರಲ್ಲಿ ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗುವುದು ಹೀಗೇ. ಕೀಲು ಬದಲಾಯಿಸುವಾಗ ತೊಡೆಯ ಎಲುಬಿನ ತುದಿಯನ್ನೂ ಕಣಕಾಲಿನ ಎಲುಬಿನ ತಲೆಯನ್ನೂ ಸರಿಯಾದ ಕೋನದಲ್ಲಿ ಕೊಯ್ದು, ಲೋಹದ ಟೊಪ್ಪಿಗೆಗಳನ್ನು ಕೂರಿಸಿ, ನಡುವೆ ಪ್ಲಾಸ್ಟಿಕ್ ಇಡುತ್ತಾರೆ. ಆ ಗೆರೆ ಮೂರು ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ಬಹಳ ವರ್ಷಗಳಿಂದ ಬಂದ ನಿಯಮ.

ಹಳೆಯ ಪದ್ಧತಿಯಲ್ಲಿ ತೊಡೆಯ ಎಲುಬಿನ ಒಳಗಿನ ಪೊಳ್ಳಿನಲ್ಲಿ ಉದ್ದನೆಯ ಸರಳು ತೂರಿಸಿ, ಅದಕ್ಕೆ ಗೈಡ್ ಕಟ್ಟಿ, ಸಾಮಾನ್ಯವಾಗಿ ಐದರಿಂದ ಏಳು ಡಿಗ್ರಿಯ ಲೆಕ್ಕ ಹಿಡಿದು ಕೊಯ್ಯುತ್ತಾರೆ. ಎಲುಬು ನೆಟ್ಟಗಿದ್ದರೆ ಈ ಲೆಕ್ಕ ಸರಿ. ತೊಡೆಯ ಎಲುಬೇ ಬಾಗಿದ್ದರೆ ಸರಳು ಸುಳ್ಳು ಹೇಳುತ್ತದೆ. ನ್ಯಾವಿಗೇಶನ್‌ನಲ್ಲಿ ಸರಳು ಬೇಡ. ತೊಡೆಯ ಎಲುಬಿಗೂ ಕಣಕಾಲಿನ ಎಲುಬಿಗೂ ಪಿನ್ ಹಾಕಿ, ಅದರ ಮೇಲೆ ಬೆಳಕು ಪ್ರತಿಫಲಿಸುವ ಸಣ್ಣ ಗುಂಡುಗಳನ್ನು ಕೂರಿಸುತ್ತಾರೆ. ಎದುರಿಗಿರುವ ಇನ್‌ಫ್ರಾರೆಡ್ ಕ್ಯಾಮೆರಾ ಆ ಗುಂಡುಗಳನ್ನು ನೋಡುತ್ತಿರುತ್ತದೆ. ಡಾಕ್ಟರು ಇಡೀ ಕಾಲನ್ನು ವೃತ್ತಾಕಾರದಲ್ಲಿ ತಿರುಗಿಸಿದರೆ ಸೊಂಟದ ನಡುಬಿಂದು ಎಲ್ಲಿದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಮೊಣಕಾಲಿನ, ಹಿಮ್ಮಡಿಗಂಟಿನ ಗುರುತುಗಳನ್ನು ಕಡ್ಡಿಯಿಂದ ಮುಟ್ಟಿ ತೋರಿಸುತ್ತಾರೆ. ಆಮೇಲೆ ಪರದೆಯ ಮೇಲೆ ಕೋನಗಳು ಕಾಣುತ್ತವೆ. ಕೊಯ್ಯುವುದು ಡಾಕ್ಟರ ಕೈಯೇ. ಅಂದರೆ ಇದು ದಾರಿ ತೋರಿಸುವ ಮ್ಯಾಪ್, ಓಡಿಸುವ ಡ್ರೈವರ್ ಅಲ್ಲ. ಗುರುತು ಮುಟ್ಟುವಾಗ ಕಡ್ಡಿ ತಪ್ಪಿದರೆ, ಪಿನ್ ಸಡಿಲಾದರೆ, ಪರದೆಯ ಮೇಲೆ ಬರುವುದು ಅಚ್ಚುಕಟ್ಟಾದ ತಪ್ಪು ಉತ್ತರ. ನಮ್ಮ ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಯಂತ್ರದ ನೆರವಿನಿಂದ ಮೊದಲ ಮೊಣಕಾಲು ಬದಲಾವಣೆ ನಡೆದದ್ದು 1997ರ ಜನವರಿಯಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಕೆಲವೇ ವರ್ಷಗಳಲ್ಲಿ ನಮ್ಮ ಮುಂಬಯಿಗೂ ಬಂತು. ಬಂದದ್ದಷ್ಟೇ ಅಲ್ಲ, ಈ ವಿಷಯದಲ್ಲಿ ಜಗತ್ತು ಓದುವ ಕೆಲಸವೂ ಇಲ್ಲೇ ನಡೆಯಿತು. ಡಾ. ಅರುಣ್ ಮುಲ್ಲಾಜಿ ಮತ್ತು ಅವರ ಸಹೋದ್ಯೋಗಿಗಳು 467 ಮೊಣಕಾಲುಗಳ ಹೋಲಿಕೆಯನ್ನು 2007ರಲ್ಲಿ ಪ್ರಕಟಿಸಿದರು. ಒಬ್ಬರೇ ಸರ್ಜನ್, ಎರಡು ಪದ್ಧತಿ. ಕಂಪ್ಯೂಟರ್ ಇದ್ದ ಕಡೆ ಕಾಲಿನ ಗೆರೆ ಹೆಚ್ಚು ನೆಟ್ಟಗೆ ಬಂತು. ಏಷ್ಯಾದ ರೋಗಿಗಳಲ್ಲಿ ತೊಡೆಯ ಎಲುಬಿನ ಆ ಕೋನ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ, ಎಲ್ಲರಿಗೂ ಒಂದೇ ಲೆಕ್ಕ ಹಿಡಿಯುವುದು ಸರಿಯಲ್ಲ ಎಂಬುದನ್ನೂ ಅವರ ತಂಡ 2009ರಲ್ಲಿ ಬರೆಯಿತು. ಆದ್ದರಿಂದ ಕಂಪ್ಯೂಟರ್ ಬರೀ ಆಡಂಬರ ಎಂದು ಹೇಳುವವರ ಜೊತೆ ನಾನಿಲ್ಲ. ಬಾಗಿದ ಎಲುಬಿನ ಅವ್ವಂದಿರಿಗೆ ಅದು ನಿಜವಾದ ನೆರವು. ನಮ್ಮೂರಿನ ಡಾಕ್ಟರೇ ಅಳೆದು, ಅಂಕಿ ಹಾಕಿ, ಜಗತ್ತಿನ ಮುಂದೆ ಇಟ್ಟರು ಎಂಬುದು ಇಲ್ಲಿ ಮುಖ್ಯ. ಅಳತೆಗೆ ಬೆಲೆ ಬರುವುದು ಹಾಗೆ ಹೊರಗಿಟ್ಟಾಗ.

ಈಗ "ತಪ್ಪಾಗೋದೇ ಇಲ್ಲ" ಎಂಬ ಮಾತಿಗೆ ಬರೋಣ. 2007ರಲ್ಲೇ 29 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಸಿಕ್ಕ ಉತ್ತರ: ಗೆರೆ ಮೂರು ಡಿಗ್ರಿ ಮೀರಿ ಸರಿದದ್ದು ಹಳೆಯ ಪದ್ಧತಿಯಲ್ಲಿ ಶೇ. 31.8, ಕಂಪ್ಯೂಟರ್ ಪದ್ಧತಿಯಲ್ಲಿ ಶೇ. 9. ದೊಡ್ಡ ಸುಧಾರಣೆಯೇ. ಆದರೆ ಶೇ. 9 ಎಂದರೆ ಸೊನ್ನೆಯಲ್ಲ. ನೂರು ಮಂದಿಯಲ್ಲಿ ಒಂಬತ್ತು ಮಂದಿಗೆ ಕಂಪ್ಯೂಟರ್ ಇದ್ದೂ ಗೆರೆ ಸರಿದಿದೆ. ನನ್ನ ಅವ್ವ ಆ ಒಂಬತ್ತರಲ್ಲಿ ಇದ್ದಾಳೋ ತೊಂಬತ್ತೊಂದರಲ್ಲಿ ಇದ್ದಾಳೋ? ಉತ್ತರ ಆ ಯಂತ್ರದಲ್ಲಿ ಇತ್ತು. ಟೆಕ್ನಿಷಿಯನ್ ಜೊತೆ ಹೋಯಿತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಗೆರೆ ನೆಟ್ಟಗಾದರೆ ಮೊಣಕಾಲು ಹೆಚ್ಚು ವರ್ಷ ಬಾಳುತ್ತದೆಯೇ? ಇಲ್ಲಿ ಉತ್ತರ ಅಷ್ಟು ನೆಟ್ಟಗಿಲ್ಲ. ಕೊರಿಯಾದಲ್ಲಿ 520 ರೋಗಿಗಳ ಎರಡೂ ಮೊಣಕಾಲು ಬದಲಾಯಿಸಿದರು. ಒಂದು ಕಾಲಿಗೆ ಕಂಪ್ಯೂಟರ್, ಇನ್ನೊಂದಕ್ಕೆ ಹಳೆಯ ಪದ್ಧತಿ. ಇದಕ್ಕಿಂತ ನ್ಯಾಯವಾದ ಪರೀಕ್ಷೆ ಯಾವುದಿದೆ? ಅದೇ ಮನುಷ್ಯ, ಅದೇ ತೂಕ, ಅದೇ ನಡಿಗೆ. ಸರಾಸರಿ 10.8 ವರ್ಷ ಆದ ಮೇಲೆ ನೋಡಿದರೆ ಎರಡು ಕಾಲುಗಳ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಇದು 2012ರಲ್ಲಿ ಪ್ರಕಟವಾಯಿತು. ಅಮೆರಿಕದ ಮೇಯೋ ಕ್ಲಿನಿಕ್‌ನವರು 398 ಮೊಣಕಾಲುಗಳನ್ನು 15 ವರ್ಷ ಹಿಂಬಾಲಿಸಿ, ಮೂರು ಡಿಗ್ರಿಯ ಒಳಗಿದ್ದವು ಹೊರಗಿದ್ದವುಗಳಿಗಿಂತ ಹೆಚ್ಚು ಬಾಳಲಿಲ್ಲ ಎಂದು 2010ರಲ್ಲಿ ಬರೆದರು. ಇನ್ನೊಂದು ಕಡೆ ಆಸ್ಟ್ರೇಲಿಯದ ರಾಷ್ಟ್ರೀಯ ರಿಜಿಸ್ಟ್ರಿ ಬೇರೆಯದೇ ಸುದ್ದಿ ಕೊಟ್ಟಿತು: 65 ವರ್ಷಕ್ಕಿಂತ ಕಿರಿಯರಲ್ಲಿ ಒಂಬತ್ತು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ಹಳೆಯ ಪದ್ಧತಿಯಲ್ಲಿ ಶೇ. 7.8, ಕಂಪ್ಯೂಟರ್ ಪದ್ಧತಿಯಲ್ಲಿ ಶೇ. 6.3. ಎಲ್ಲ ವಯಸ್ಸಿನವರನ್ನು ಒಟ್ಟಿಗೆ ತೆಗೆದುಕೊಂಡಾಗ ಆ ವ್ಯತ್ಯಾಸ ಗಟ್ಟಿಯಾಗಿ ಉಳಿಯಲಿಲ್ಲ.

ಅವ್ವನಿಗೆ 71. ಅಂದರೆ ಯಾರಿಗೆ ಲಾಭ ಎಂದು ಲೆಕ್ಕ ಸಿಕ್ಕಿದೆಯೋ ಆ ಗುಂಪಿನಲ್ಲಿ ಅವಳಿಲ್ಲ. ಅವಳ ತೊಡೆಯ ಎಲುಬು ಬಾಗಿದ್ದರೆ ಲಾಭ ಇರಬಹುದು. ಬಾಗಿತ್ತೇ? ಕೌನ್ಸೆಲರ್ ಕೋಣೆಯಲ್ಲಿ ವಯಸ್ಸಿನ ಮಾತೂ ಬರಲಿಲ್ಲ, ಎಲುಬಿನ ಮಾತೂ ಬರಲಿಲ್ಲ. ಬಂದದ್ದು ನನ್ನ ಕೆಲಸ ಯಾವುದು, ವಿಮೆ ಎಷ್ಟಿದೆ ಎಂಬ ಮಾತು.

ಮೇಲಿನ ಆಸ್ಟ್ರೇಲಿಯದ ಅಂಕಿ ಎಲ್ಲಿಂದ ಬಂತು ಎಂಬುದನ್ನು ಗಮನಿಸಿ. ಆ ದೇಶ 1999ರಿಂದ ಕೀಲು ಬದಲಾವಣೆಗಳ ಲೆಕ್ಕ ಇಡುತ್ತಿದೆ: ಯಾವ ಲೋಹ, ಯಾವ ಪದ್ಧತಿ, ಎಷ್ಟು ವರ್ಷಕ್ಕೆ ಮತ್ತೆ ಬಿಚ್ಚಬೇಕಾಯಿತು. ಸ್ವೀಡನ್ 1975ರಿಂದ ಮೊಣಕಾಲಿನ ರಿಜಿಸ್ಟರ್ ಇಟ್ಟಿದೆ. ಇಂಗ್ಲೆಂಡ್ 2003ರಿಂದ. ನಮ್ಮಲ್ಲಿ ಕೀಲು ಸರ್ಜನ್ನರ ಸಂಘವಾದ ಇಂಡಿಯನ್ ಸೊಸೈಟಿ ಆಫ್ ಹಿಪ್ ಅಂಡ್ ನೀ ಸರ್ಜನ್ಸ್ ಒಂದು ರಿಜಿಸ್ಟ್ರಿ ನಡೆಸುತ್ತದೆ, ಒಳ್ಳೆಯ ಕೆಲಸ. ಆದರೆ ಅದಕ್ಕೆ ಲೆಕ್ಕ ಕೊಡುವುದು ಡಾಕ್ಟರರ ಇಷ್ಟಕ್ಕೆ ಬಿಟ್ಟದ್ದು.

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೊಂಟದ ಕೀಲಿನ ಒಂದು ಕಥೆ ಸಾಕು. ಜಾನ್ಸನ್ ಅಂಡ್ ಜಾನ್ಸನ್ ಬಳಗದ ಡಿಪ್ಯೂ ಕಂಪನಿಯ ಎಎಸ್ಆರ್ ಎಂಬ ಲೋಹದ ಕೀಲು ದೇಹದೊಳಗೆ ಲೋಹ ಬಿಡುತ್ತಿತ್ತು, ಬೇಗ ಕೆಡುತ್ತಿತ್ತು. ಆಸ್ಟ್ರೇಲಿಯದ ರಿಜಿಸ್ಟ್ರಿಯ ಅಂಕಿಗಳಲ್ಲಿ ಅದು ಮೊದಲೇ ಕಾಣಿಸಿತು; 2009ರ ಕೊನೆಗೆ ಆ ದೇಶದ ಮಾರುಕಟ್ಟೆಯಿಂದ ಹೋಯಿತು. 2010ರ ಆಗಸ್ಟಿನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡಿತು. ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು. ಕೇಂದ್ರ ಸರ್ಕಾರದ ತಜ್ಞರ ಸಮಿತಿ ನೋಡುವ ಹೊತ್ತಿಗೆ ಅದರಲ್ಲಿ ಸುಮಾರು 3,600 ಮಂದಿ ಎಲ್ಲಿದ್ದಾರೆಂದೇ ಪತ್ತೆ ಇರಲಿಲ್ಲ. ಕೆಟ್ಟ ಲೋಹ ದೇಹದಲ್ಲಿದೆ, ಅದು ಯಾರ ದೇಹ ಎಂದು ಹೇಳುವ ವಹಿ ಇಲ್ಲ. ಅವ್ವನ ಟೇಲರ್ ಇದಕ್ಕಿಂತ ಜವಾಬ್ದಾರಿಯವನು.

ಇನ್ನು ದುಡ್ಡಿನ ಮಾತು. ಮೊಣಕಾಲಿನ ಲೋಹದ ಬೆಲೆಗೆ ಮಿತಿ ಹಾಕಿದ್ದು 2017ರ ಆಗಸ್ಟ್ 16ರಂದು. ಆಗ ರಸಾಯನ ಮತ್ತು ರಸಗೊಬ್ಬರ ಸಚಿವರಾಗಿ ಅದನ್ನು ಘೋಷಿಸಿದವರು ನಮ್ಮ ಬೆಂಗಳೂರಿನ ಅನಂತಕುಮಾರ್. ಅಲ್ಲಿಯವರೆಗೆ ಸರಾಸರಿ 1,58,324 ರೂಪಾಯಿ ಇದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿನ ಬೆಲೆಯನ್ನು 54,720ಕ್ಕೆ ಇಳಿಸಿದರು, ಜಿಎಸ್‌ಟಿ ಬೇರೆ. ಟೈಟೇನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂ ಕೀಲಿಗೆ 76,600. ಬೆಲೆ ಇಷ್ಟು ಇಳಿಯಲು ಸಾಧ್ಯವಿತ್ತು ಎಂದರೆ ಅಲ್ಲಿಯವರೆಗೆ ನಾವು ಏನಕ್ಕೆ ಕೊಡುತ್ತಿದ್ದೆವು ಎಂದು ನೀವೇ ಯೋಚಿಸಿ. ಆ ಆದೇಶದಲ್ಲಿ ಇನ್ನೊಂದು ಒಳ್ಳೆಯ ಸಂಗತಿ ಇದೆ: ಆಸ್ಪತ್ರೆ ತನ್ನ ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ನಂಬರ್ ಸಹಿತ ಬರೆಯಬೇಕು. ಅವ್ವನ ಬಿಲ್ಲಿನಲ್ಲಿ ಅದೆಲ್ಲ ಅಚ್ಚುಕಟ್ಟಾಗಿ ಇತ್ತು.

ಆದರೆ ಮಿತಿ ಬಂದದ್ದು ಲೋಹಕ್ಕೆ ಮಾತ್ರ. ಕೋಣೆಯ ಬಾಡಿಗೆಗೆ ಇಲ್ಲ, ಥಿಯೇಟರಿಗೆ ಇಲ್ಲ, "ತಂತ್ರಜ್ಞಾನ"ಕ್ಕೆ ಇಲ್ಲ. ನೀರನ್ನು ಒಂದು ಕಡೆ ತಡೆದರೆ ಇನ್ನೊಂದು ಕಡೆ ಹರಿಯುತ್ತದೆ. ಲೋಹದಲ್ಲಿ ಲಾಭ ಕಡಿಮೆಯಾದ ಮೇಲೆ ಪ್ಯಾಕೇಜಿನಲ್ಲಿ ಕಂಪ್ಯೂಟರ್, ರೋಬೋಟ್ ಎಂಬ ಸಾಲುಗಳು ದಪ್ಪಗಾದರೆ ಆಶ್ಚರ್ಯವೇನು? ಯಂತ್ರಕ್ಕೆ ಖರ್ಚು ಇದೆ, ಕೊಡೋಣ, ಬೇಡ ಎನ್ನುವುದಿಲ್ಲ. ಆದರೆ ಕಾನೂನಿನ ಒತ್ತಾಯ ಇದ್ದ ಕಡೆ ಬ್ಯಾಚ್ ನಂಬರ್ ತನಕ ಬರೆದವರು, ಒತ್ತಾಯ ಇಲ್ಲದ ಕಡೆ ಒಂದು ಅಂಕಿಯನ್ನೂ ಬರೆಯಲಿಲ್ಲ. ನನ್ನ ಅವ್ವನ ಕಾಲಿನಲ್ಲಿ ಇರುವ ಲೋಹದ ಬ್ಯಾಚ್ ನಂಬರ್ ನನಗೆ ಗೊತ್ತು. ಅದು ಯಾವ ಕೋನದಲ್ಲಿ ಕೂತಿದೆ ಎಂಬುದು ಗೊತ್ತಿಲ್ಲ.

ನಿಜ ಹೇಳಬೇಕೆಂದರೆ ಇಲ್ಲಿಯೂ ನಿಯಮ ಇದೆ. ಡಾಕ್ಟರರ ವೃತ್ತಿ ನಡತೆಯ ಬಗ್ಗೆ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಯಂತ್ರದ ಪರದೆಯ ಮೇಲೆ ಬಂದ ಕೋನ ದಾಖಲೆಯೋ ಅಲ್ಲವೋ? ಇಸಿಜಿ ಯಂತ್ರದ ಗೆರೆ ದಾಖಲೆ, ಎಕ್ಸ್‌ರೇ ದಾಖಲೆ, ಸಕ್ಕರೆ ಅಳೆದ ಅಂಕಿ ದಾಖಲೆ. ಎಲ್ಲಕ್ಕಿಂತ ದುಬಾರಿಯಾದ ಅಳತೆ ಮಾತ್ರ ಕಂಪನಿಯ ಪೆಟ್ಟಿಗೆಯಲ್ಲಿ ಉಳಿಯುವ ರಹಸ್ಯ ಹೇಗಾಗುತ್ತದೆ?

ಡಾಕ್ಟರ್ ಆಗಿರುವ ಗೆಳೆಯನ ಹತ್ತಿರ ಈ ಜಗಳ ತೆಗೆದೆ. ಅವನು ಮೂರು ಉತ್ತರ ಕೊಟ್ಟ. ಒಂದು, ಆ ಅಂಕಿ ರೋಗಿಗಳಿಗೆ ಅರ್ಥವಾಗುವುದಿಲ್ಲ, ಸುಮ್ಮನೆ ಹೆದರುತ್ತಾರೆ. ಇರಬಹುದು. ಕ್ರಿಯಾಟಿನಿನ್ ಎಂದರೇನೆಂದು ನಮ್ಮಲ್ಲಿ ಎಷ್ಟು ಜನರಿಗೆ ಅರ್ಥವಾಗುತ್ತದೆ? ಆದರೂ ರಿಪೋರ್ಟ್ ಕೈಗೆ ಬರುತ್ತದೆ, ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತೇವೆ. ಎರಡು, ನಾಲ್ಕು ಡಿಗ್ರಿ ಎಂದು ಕಂಡರೆ ಸಾಕು, ಮಕ್ಕಳು ಗ್ರಾಹಕ ನ್ಯಾಯಾಲಯಕ್ಕೆ ಓಡುತ್ತಾರೆ. ಈ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನಾಲ್ಕು ಡಿಗ್ರಿ ಇದ್ದೂ ಚೆನ್ನಾಗಿ ನಡೆಯುವವರು ಇದ್ದಾರೆ ಎಂಬುದು ಮೇಯೋ ಕ್ಲಿನಿಕ್ ಅಂಕಿಯಲ್ಲೇ ಇದೆ. ಆದರೆ ಆ ಮಾತನ್ನು ಮಾರುವ ಹೊತ್ತಿನಲ್ಲೇ ಹೇಳಬೇಕಿತ್ತು. ಮಾರುವಾಗ ಒಂದು ಡಿಗ್ರಿಯೂ ತಪ್ಪುವುದಿಲ್ಲ ಎಂದು, ಕೇಳುವಾಗ ಡಿಗ್ರಿ ಅಷ್ಟು ಮುಖ್ಯವಲ್ಲ ಎಂದರೆ ಹೇಗೆ? ಮೂರು, ಯಂತ್ರಕ್ಕಿಂತ ಕೈ ಮುಖ್ಯ. ಇದಕ್ಕೆ ನಾನು ಪೂರ್ತಿ ಒಪ್ಪುತ್ತೇನೆ. ವಾಜಪೇಯಿಯವರ ಎಡ ಮೊಣಕಾಲು 2000ದ ಅಕ್ಟೋಬರಿನಲ್ಲಿ, ಬಲ ಮೊಣಕಾಲು 2001ರ ಜೂನಿನಲ್ಲಿ ಇದೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಾದಾಗ ದೇಶ ಮಾತಾಡಿದ್ದು ನ್ಯೂಯಾರ್ಕಿನಿಂದ ಬಂದ ಡಾ. ಚಿತ್ತರಂಜನ್ ರಾಣಾವತ್ ಅವರ ಕೈಯ ಬಗ್ಗೆ, ಯಂತ್ರದ ಬಗ್ಗೆ ಅಲ್ಲ. ಹಾಗಿದ್ದರೆ ಕೌನ್ಸೆಲರ್ ಟ್ಯಾಬಿನಲ್ಲಿ ಯಂತ್ರಕ್ಕೆ ಮೂರು ಪ್ಯಾಕೇಜ್ ಇದ್ದು, ಡಾಕ್ಟರ ಕೈಯ ಲೆಕ್ಕಕ್ಕೆ ಒಂದು ಸಾಲೂ ಇಲ್ಲದ್ದು ಯಾಕೆ? ವರ್ಷಕ್ಕೆ ಎಷ್ಟು ಮಾಡುತ್ತಾರೆ, ಎಷ್ಟು ಮಂದಿಗೆ ಸೋಂಕಾಯಿತು, ಎಷ್ಟು ಮಂದಿ ಮತ್ತೆ ಮೇಜಿನ ಮೇಲೆ ಮಲಗಬೇಕಾಯಿತು? ಗೆಳೆಯ ನಕ್ಕು ಚಹಾ ತರಿಸಿದ.

ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವುದಿಲ್ಲ. ನಮ್ಮದೂ ಇದೆ. ನಮ್ಮ ಆಫೀಸಿನಲ್ಲಿ ಗ್ರಾಹಕನಿಗೆ ಮಾನಿಟರಿಂಗ್ ಎಂದು ಬಿಲ್ ಹಾಕಿ ಲಾಗ್ ಕೊಡದಿದ್ದರೆ ಅವನು ಮರುದಿನವೇ ಒಪ್ಪಂದ ಮುರಿಯುತ್ತಾನೆ. ಟೆಸ್ಟ್ ರಿಪೋರ್ಟ್ ಇಲ್ಲದೆ ಯಾರೂ ಸಹಿ ಹಾಕುವುದಿಲ್ಲ. ಅದೇ ನಾವು, ಟಿಟ್ವಾಲಾದಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವಾಗ ಕಾರ್ಪೆಟ್ ಏರಿಯಾ ಎಂದು ಟೇಪ್ ಹಿಡಿದು ಅಳೆಯುವ ನಾವು, ಆಸ್ಪತ್ರೆಯಲ್ಲಿ ಪರದೆ ಕಂಡರೆ ಕೈಮುಗಿಯುತ್ತೇವೆ. ಅಪ್ಪ ಅವ್ವನಿಗೆ ದುಬಾರಿಯದನ್ನೇ ಕೊಡಿಸಿದೆ ಎಂಬ ಸಮಾಧಾನ ನಮಗೆ ಬೇಕು. ಊರು ಬಿಟ್ಟು ಕರೆತಂದು ಲಿಫ್ಟ್ ಇಲ್ಲದ ಮೂರನೇ ಮಾಳಿಗೆಯಲ್ಲಿ ಕೂರಿಸಿದವರ ತಪ್ಪಿನ ಭಾವ ಅದು. ಕೌನ್ಸೆಲರಿಗೆ ಅದು ಚೆನ್ನಾಗಿ ಗೊತ್ತು.

ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದಲ್ಲೋ ಒಂದು ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ನೋಡಿ. ಕುರ್ಚಿಯ ಕೈ ಹಿಡಿದು ಏಳುವವರು, ಒಂದೊಂದೇ ಮೆಟ್ಟಿಲು ಪಕ್ಕಕ್ಕೆ ತಿರುಗಿ ಇಳಿಯುವವರು. ಉಡುಪಿ ಹೋಟೆಲಿನ ಭಟ್ಟಿಯ ಮುಂದೆ ಮೂವತ್ತು ವರ್ಷ ನಿಂತವರು, ದಾದರಿನ ಸೇತುವೆಯನ್ನು ದಿನಕ್ಕೆರಡು ಸಲ ಹತ್ತಿದವರು. ಅವರೆಲ್ಲರ ಮಕ್ಕಳು ಇನ್ನು ಹತ್ತು ವರ್ಷದಲ್ಲಿ ನಾನು ಕೂತ ಕುರ್ಚಿಯಲ್ಲಿ ಕೂರುತ್ತಾರೆ. ಕೂತಾಗ ತಲೆಯಾಡಿಸುವ ಬದಲು ಇಷ್ಟು ಕೇಳಲಿ: ಅವ್ವನ ಕಾಲಿಗೆ ಕಂಪ್ಯೂಟರ್ ಯಾಕೆ ಬೇಕು, ಸೊಂಟದಿಂದ ಹಿಮ್ಮಡಿಯವರೆಗಿನ ಪೂರ್ತಿ ಎಕ್ಸ್‌ರೇ ತೋರಿಸಿ ಹೇಳುತ್ತೀರಾ? ಕೊನೆಯಲ್ಲಿ ಪರದೆಯ ಮೇಲೆ ಬಂದ ಕೋನಗಳ ಪ್ರತಿ ಡಿಸ್ಚಾರ್ಜ್ ಫೈಲಿನಲ್ಲಿ ಇರುತ್ತದೆಯೇ, ಈಗಲೇ ಬರೆದು ಕೊಡುತ್ತೀರಾ? ಈ ಆಪರೇಷನ್ ರಿಜಿಸ್ಟ್ರಿಗೆ ಹೋಗುತ್ತದೆಯೇ? ಈ ಡಾಕ್ಟರರ ರೋಗಿಗಳಲ್ಲಿ ಎಷ್ಟು ಮಂದಿಗೆ ಮತ್ತೆ ಆಪರೇಷನ್ ಆಯಿತು? ಮನೆಗೆ ಬಂದ ಮೇಲೆ ಫಿಸಿಯೋಥೆರಪಿ ಯಾರು ನೋಡುತ್ತಾರೆ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಕೆನಡಾದ ಒಂಟಾರಿಯೋದಲ್ಲಿ ಮೊಣಕಾಲು ಬದಲಾಯಿಸಿಕೊಂಡವರನ್ನು ಕೇಳಿದಾಗ ಸುಮಾರು ಐವರಲ್ಲಿ ಒಬ್ಬರು ತಮಗೆ ತೃಪ್ತಿಯಿಲ್ಲ ಎಂದರು, 2010ರಲ್ಲಿ ಅದು ಪ್ರಕಟವಾಯಿತು. ಲೋಹ ಕೂರಿಸುವುದು ಒಂದೆರಡು ಗಂಟೆಯ ಕೆಲಸ. ಕಾಲು ಮಡಚಲು ಕಲಿಯುವುದು ತಿಂಗಳುಗಟ್ಟಲೆಯ ಕೆಲಸ, ಅಲ್ಲಿ ಯಾವ ಕ್ಯಾಮೆರಾವೂ ಇರುವುದಿಲ್ಲ.

ಸರ್ಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ಬ್ಯಾಚ್ ನಂಬರ್ ಬರೆಯಿರಿ ಎಂದು 2017ರಲ್ಲಿ ಒಂದು ಆದೇಶದಲ್ಲಿ ಹೇಳಲು ಆಯಿತು. ನ್ಯಾವಿಗೇಶನ್ ಅಥವಾ ರೋಬೋಟ್ ಎಂದು ದುಡ್ಡು ಪಡೆದರೆ ಅದರ ಅಳತೆಯನ್ನು ರೋಗಿಗೆ ಕೊಡಿ, ರಿಜಿಸ್ಟ್ರಿಗೂ ಕಳಿಸಿ ಎಂದು ಇನ್ನೆರಡು ಸಾಲು ಸೇರಿಸಲಿ. ಒಳ್ಳೆಯ ಡಾಕ್ಟರರಿಗೆ ಇದರಿಂದ ನಷ್ಟವಿಲ್ಲ. ಅವರ ಕೈಯ ಗುಣ ಕೊನೆಗೂ ಕಾಗದದ ಮೇಲೆ ಬರುತ್ತದೆ.

ಅವ್ವನ ಎಡಗಾಲು ಈಗ ನೋಯುತ್ತಿದೆ. ದೀಪಾವಳಿ ಆದ ಮೇಲೆ ಮಾಡಿಸೋಣ ಎಂದಿದ್ದೇವೆ. ಹೊಸ ಡಾಕ್ಟರು ಮೊದಲು ಕೇಳಿದ್ದು, ಬಲಗಾಲಿನ ಅಳತೆ ಇದ್ದರೆ ತನ್ನಿ, ಎರಡೂ ಕಾಲು ಸಮ ಮಾಡಲು ಅನುಕೂಲ ಎಂದು. ನಾನು ಅವ್ವನ ಮುಖ ನೋಡಿದೆ. ಅವಳು ಡಾಕ್ಟರಿಗೆ ಕನ್ನಡದಲ್ಲೇ ಹೇಳಿದಳು, ಅವರಿಗೆ ಅರ್ಥವಾಗಲಿಲ್ಲ: "ಅದು ಕಂಪನಿಯವ್ರ ಪೆಟಗ್ಯಾಗ ಐತ್ರಿ."